ಸರ್ ಎಂ.ವಿ. ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು? ಒಂದು ಗೇಟು, ಒಂದು ಪ್ರೋಗ್ರಾಮು, ಒಂದು ಜೀವನ

ಸೆಪ್ಟೆಂಬರ್ 15 ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮುಖ ಕಾಣುತ್ತದೆ. ಮೈಸೂರು ಪೇಟ, ಕೋಟು, ನೇರ ನೋಟ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಫೋಟೋ ಪ್ರತಿವರ್ಷ ಅದೇ ಇರುತ್ತದೆ. ಅದರ ಕೆಳಗಿನ ಕಥೆ ಮಾತ್ರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಹೋಗುತ್ತದೆ.

ಈ ಕಥೆಗಳಲ್ಲಿ ಯಾವುದು ನಿಜ, ಯಾವುದಕ್ಕೆ ಆಧಾರವಿಲ್ಲ ಎಂದು ಈ ಲೇಖನದಲ್ಲಿ ನೋಡೋಣ. ಜೊತೆಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್‌ನ ಒಂದು ವಿಷಯವನ್ನೂ ತಿಳಿದುಕೊಳ್ಳೋಣ. ಪ್ರೋಗ್ರಾಮು ಓಡುತ್ತಿರುವಾಗಲೇ ಒಂದು ಆಬ್ಜೆಕ್ಟ್‌ಗೆ ಹೊಸ ಗುಣಗಳನ್ನು ಹಚ್ಚುವುದು ಅಂದರೆ ಏನು ಎಂಬುದೇ ಆ ವಿಷಯ. ಇದಕ್ಕೂ ಸರ್ ಎಂ.ವಿ.ಗೂ ಏನು ಸಂಬಂಧ ಎನ್ನುವಿರಾ? ಎರಡು ಸಂಬಂಧಗಳಿವೆ. ಒಂದು ಅವರು ಮಾಡಿದ ಗೇಟಿನಲ್ಲಿದೆ. ಇನ್ನೊಂದು ನಾವು ಕಳಿಸುವ ಫಾರ್ವರ್ಡ್‌ನಲ್ಲಿದೆ.

ಮೊದಲು ಸಣ್ಣ ಪಾಠ: ಆಬ್ಜೆಕ್ಟ್ ಎಂದರೇನು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆನೆಸಿಕೊಳ್ಳಿ. ಅಲ್ಲಿಗೆ ಬರುವ ಒಂದೊಂದು ಲಾಟಿಗೂ ಒಂದು ಚೀಟಿ ಇದೆ ಎಂದುಕೊಳ್ಳೋಣ. ಚೀಟಿಯಲ್ಲಿ ರೈತರ ಹೆಸರು, ಊರು, ತೂಕ, ದರ ಎಂಬ ಕಾಲಂಗಳು ಮೊದಲೇ ಅಚ್ಚಾಗಿವೆ. ಏನೂ ತುಂಬಿಸದ ಈ ಖಾಲಿ ನಮೂನೆಯನ್ನು ಪ್ರೋಗ್ರಾಮಿಂಗ್‌ನಲ್ಲಿ ಕ್ಲಾಸ್ ಎನ್ನುತ್ತಾರೆ. ಒಬ್ಬ ರೈತರ ಲಾಟಿಗಾಗಿ ತುಂಬಿಸಿದ ಚೀಟಿ ಆಬ್ಜೆಕ್ಟ್. ಅದರಲ್ಲಿರುವ ಒಂದೊಂದು ಕಾಲಂ ಪ್ರಾಪರ್ಟಿ. ಇಲ್ಲಿ ಪ್ರಾಪರ್ಟಿ ಅಂದರೆ ಆಸ್ತಿಯಲ್ಲ, ಗುಣ ಅಥವಾ ವಿವರ.

ಬೆಳಿಗ್ಗೆ ಚೀಟಿ ಬರೆಯುವಾಗ ದರ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಹರಾಜು ನಡೆದ ಮೇಲೆ ತುಂಬಿಸಬೇಕು. ಹೀಗೆ ಕೆಲಸ ನಡೆಯುತ್ತಿರುವ ಹೊತ್ತಿನಲ್ಲೇ ಬೆಲೆ ತುಂಬುವುದನ್ನು ರನ್‌ಟೈಮ್‌ನಲ್ಲಿ ಪ್ರಾಪರ್ಟಿ ಸೆಟ್ ಮಾಡುವುದು ಎನ್ನುತ್ತಾರೆ. ನಿಮ್ಮ ಮೊಬೈಲಿನಲ್ಲಿ ಡಾರ್ಕ್ ಮೋಡ್ ಒತ್ತಿದ ಕೂಡಲೇ ಆ್ಯಪ್ ಕಪ್ಪಾಗುತ್ತದಲ್ಲ, ಅದೂ ಇದೇ. ಆ್ಯಪನ್ನು ಯಾರೂ ಹೊಸದಾಗಿ ಬರೆಯಲಿಲ್ಲ. ಓಡುತ್ತಿದ್ದ ಆ್ಯಪಿನ ಒಂದು ಗುಣ ಬದಲಾಯಿತು, ಅಷ್ಟೆ.

ಇಲ್ಲಿ ಎರಡು ಬಗೆಯ ಬದಲಾವಣೆಗಳಿವೆ. ಮೊದಲೇ ಇರುವ ಕಾಲಂಗೆ ಬೆಲೆ ತುಂಬುವುದು ಒಂದು ಬಗೆ. ನಮೂನೆಯಲ್ಲೇ ಇಲ್ಲದ ಹೊಸ ಕಾಲಂ ಎಳೆದು ಅದರಲ್ಲಿ ಏನಾದರೂ ಬರೆಯುವುದು ಇನ್ನೊಂದು ಬಗೆ. ಜಾವಾದಂಥ ಭಾಷೆಗಳು ಎರಡನೆಯದನ್ನು ಬಿಡುವುದಿಲ್ಲ. ಪೈಥಾನ್, ಜಾವಾಸ್ಕ್ರಿಪ್ಟ್ ಸಾಮಾನ್ಯವಾಗಿ ಬಿಡುತ್ತವೆ.

ಬಿಟ್ಟರೆ ತೊಂದರೆ ಏನು? ಬರೆಯುವವರು ದರ ಎನ್ನುವ ಬದಲು ಧರ ಎಂದು ಬರೆದರು ಎಂದುಕೊಳ್ಳಿ. ಕಂಪ್ಯೂಟರ್ ತಪ್ಪು ಎನ್ನುವುದಿಲ್ಲ. ಧರ ಎಂಬ ಹೊಸ ಕಾಲಂ ಮಾಡಿಕೊಂಡು ಬೆಲೆಯನ್ನು ಅಲ್ಲಿ ಇಡುತ್ತದೆ. ನಿಜವಾದ ದರದ ಕಾಲಂ ಖಾಲಿಯೇ ಉಳಿಯುತ್ತದೆ. ಚೀಟಿ ನೋಡಲು ತುಂಬಿದಂತಿದೆ, ರೈತರ ಲೆಕ್ಕ ಮಾತ್ರ ತಪ್ಪಿದೆ. ಈ ಧರದ ಉದಾಹರಣೆ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮುದ್ದೇನಹಳ್ಳಿಯಿಂದ ಪುಣೆಗೆ

ಈಗ ಸರ್ ಎಂ.ವಿ. ಅವರ ಚೀಟಿಯನ್ನು ತುಂಬೋಣ. ಊರು ಮುದ್ದೇನಹಳ್ಳಿ, ನಂದಿಬೆಟ್ಟದ ಹತ್ತಿರ, ಚಿಕ್ಕಬಳ್ಳಾಪುರ ತಾಲ್ಲೂಕು. ಆಗ ಇದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ಮೂಲ ಈಗಿನ ಆಂಧ್ರದ ಮೋಕ್ಷಗುಂಡಂ, ಹೆಸರಿನ ಮುಂದಿನ ಮೋಕ್ಷಗುಂಡಂ ಅಲ್ಲಿಂದ ಬಂದದ್ದು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ, ಆಮೇಲೆ ಬೆಂಗಳೂರು. ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಓದಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋಗಲು ಸಾಧ್ಯವಾಯಿತು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ.

ಇಲ್ಲಿಂದ ಮುಂದಿನ ಸುಮಾರು 24 ವರ್ಷ ಅವರು ಮೈಸೂರಿನ ಹೊರಗೇ ದುಡಿದರು. ಫಾರ್ವರ್ಡ್‌ಗಳು ಈ ಭಾಗವನ್ನು ಹಾರಿಸಿ ನೇರವಾಗಿ ಕನ್ನಂಬಾಡಿಗೆ ಹೋಗುತ್ತವೆ. ಅವರ ಬುದ್ಧಿವಂತಿಕೆ ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಬೇಕಾದರೆ ಈ ವರ್ಷಗಳನ್ನೇ ನೋಡಬೇಕು. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ 1890ರ ದಶಕದ ನಡುವಿನಲ್ಲಿ ಅವರು ಕುಡಿಯುವ ನೀರಿನ ಯೋಜನೆ ಮಾಡಿದರು. ಸಿಂಧೂ ನದಿಯ ನೀರು ಕೆಸರುಮಯ. ನದಿಯ ಮರಳಿನೊಳಗೇ ಬಾವಿ ತೋಡಿ, ಮರಳೇ ಸೋಸಿಕೊಟ್ಟ ನೀರನ್ನು ಮೇಲೆತ್ತುವ ದಾರಿ ಹಿಡಿದರು. ಇರುವ ವಸ್ತುವಿನಿಂದಲೇ ಕೆಲಸ ಮಾಡಿಸಿಕೊಳ್ಳುವ ಈ ಗುಣ ಅವರ ಗೇಟಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ತಾನೇ ತೆರೆದು ತಾನೇ ಮುಚ್ಚುವ ಗೇಟು

ನಮ್ಮ ನಾಲ್ಕೂ ತಾಲ್ಲೂಕುಗಳು ಕೆರೆಯ ಸೀಮೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಮಳೆ ಬಂದಾಗ ಮಾತ್ರ ನದಿಗಳು. ಹಾಗಾಗಿ ಇಲ್ಲಿನವರಿಗೆ ಕೆರೆಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಏರಿ ಕಟ್ಟಿದ್ದು ಒಂದು ಸಲ, ಅದು ಬದಲಾಗುವುದಿಲ್ಲ. ಗದ್ದೆಗೆ ನೀರು ಬಿಡಲು ತೂಬು, ಅದನ್ನು ತೆರೆದು ಮುಚ್ಚಲು ನೀರುಗಂಟಿ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿಯ ಮೇಲೆ ಹೋಗುತ್ತದೆ.

ಕೋಡಿಯಲ್ಲಿ ಒಂದು ಇಕ್ಕಟ್ಟಿದೆ. ಅದನ್ನು ಎತ್ತರಿಸಿದರೆ ನೀರು ಹೆಚ್ಚು ನಿಲ್ಲುತ್ತದೆ, ಆದರೆ ದೊಡ್ಡ ಮಳೆ ಬಂದರೆ ಏರಿಗೇ ಅಪಾಯ. ತಗ್ಗಿಸಿದರೆ ಏರಿ ಭದ್ರ, ಆದರೆ ಬೇಸಿಗೆಗೆ ಉಳಿಯಬೇಕಾದ ನೀರು ಹರಿದುಹೋಗುತ್ತದೆ. ಪುಣೆಗೆ ನೀರು ಕೊಡುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಲ್ಲೂ ಇದೇ ಇಕ್ಕಟ್ಟು ಇತ್ತು. ಅಲ್ಲಿ ವಿಶ್ವೇಶ್ವರಯ್ಯನವರು ಅಣೆಕಟ್ಟನ್ನು ಎತ್ತರಿಸಲಿಲ್ಲ. ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ಗೇಟಿನ ಭಾರಕ್ಕೆ ಸರಿದೂಗುವಂತೆ ಇನ್ನೊಂದು ಭಾರ. ನೀರು ಗೊತ್ತುಪಡಿಸಿದ ಮಟ್ಟಕ್ಕೆ ಬಂದಾಗ ಆ ಸಮತೋಲನ ಕದಲಿ ಗೇಟು ತೆರೆಯುತ್ತದೆ. ನೀರು ಇಳಿದಾಗ ಮತ್ತೆ ಮುಚ್ಚುತ್ತದೆ. ಕರೆಂಟು ಬೇಕಿಲ್ಲ. ಮಧ್ಯರಾತ್ರಿ ಮಳೆಯಲ್ಲಿ ಯಾರೂ ಓಡಿಹೋಗಬೇಕಿಲ್ಲ. ಈ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆದರು. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ ಈ ಗೇಟು ಆಮೇಲೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಬಂತು.

ಪ್ರೋಗ್ರಾಮಿಂಗ್ ಓದುವ ಮಕ್ಕಳಿಗೆ ಈ ಗೇಟನ್ನು ಧಾರಾಳವಾಗಿ ಉದಾಹರಣೆ ಕೊಡಬಹುದು. ಅಣೆಕಟ್ಟು ಮೊದಲೇ ಕಟ್ಟಿದ್ದು, ಅದು ಕ್ಲಾಸ್ ಇದ್ದಂತೆ. ಗೇಟು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಪ್ರಾಪರ್ಟಿ. ಅದರ ಬೆಲೆ ಕಟ್ಟಡ ಕಟ್ಟುವಾಗ ತೀರ್ಮಾನವಾಗುವುದಿಲ್ಲ, ಆ ಗಳಿಗೆಯ ನೀರು ತೀರ್ಮಾನಿಸುತ್ತದೆ. ಗಮನಿಸಬೇಕಾದ ಅಂಶ ಇನ್ನೊಂದಿದೆ. ಬದಲಾಗುವುದು ಗೇಟು ಮಾತ್ರ. ಯಾವ ಮಟ್ಟಕ್ಕೆ ತೆರೆಯಬೇಕು ಎಂಬ ನಿಯಮ ಮೊದಲೇ ಗಟ್ಟಿಯಾಗಿದೆ. ಮಳೆ ಎಷ್ಟೇ ಬಂದರೂ ನೀರು ತಾನಾಗಿ ಹೊಸ ಗೇಟು ಮಾಡಿಕೊಳ್ಳುವಂತಿಲ್ಲ. ಹಾಗೆ ಮಾಡಿಕೊಂಡರೆ ಅದನ್ನು ಏರಿ ಒಡೆಯುವುದು ಎನ್ನುತ್ತೇವೆ.

ಇದೇ ಬಗೆಯ ಯೋಚನೆ ನೀರಾ ಕಾಲುವೆಯ ಬ್ಲಾಕ್ ಪದ್ಧತಿಯಲ್ಲೂ ಇದೆ. ಕಾಲುವೆಯ ನೀರನ್ನು ಕೆಲವರೇ ಬಳಸಿಕೊಳ್ಳದಂತೆ ಜಮೀನನ್ನು ಬ್ಲಾಕುಗಳಾಗಿ ಮಾಡಿ, ಒಂದು ಭಾಗಕ್ಕೆ ಮಾತ್ರ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ ಎಂದು ಸರದಿ ಹಾಕಿದರು. ಬ್ಲಾಕು ಅದೇ, ಬೆಳೆ ಮಾತ್ರ ಸರದಿಯಂತೆ ಬದಲಾಗುತ್ತದೆ.

ಹೈದರಾಬಾದು, ಮೈಸೂರು, ಭದ್ರಾವತಿ

1908ರಲ್ಲಿ ಅವರು ಬೊಂಬಾಯಿ ಸೇವೆಯಿಂದ ತಾವಾಗಿ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿಯ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಊರಿನ ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸಲಹೆ ಕೊಟ್ಟರು. ಇಂದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಸಲಹೆಯ ಫಲ.

1909ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ. ಮೈಸೂರು ಬ್ಯಾಂಕು 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾನಿಲಯ 1916, ಇಂದು ಯುವಿಸಿಇ ಎಂದು ಕರೆಯುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917. ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ಅದನ್ನು ದಡ ಮುಟ್ಟಿಸಿದರು. ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕೆಂದು 1934ರಲ್ಲೇ ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ದಾಖಲೆ ಇರುವ ಕಾಲಂಗಳು ಇವು. ಇಷ್ಟೇ ಕಳಿಸಿದರೂ ಒಂದು ಫಾರ್ವರ್ಡ್‌ಗೆ ಬೇಕಾದಷ್ಟಾಯಿತು. ಆದರೆ ಹರಿದಾಡುವುದು ಬೇರೆಯೇ.

ಫಾರ್ವರ್ಡ್‌ಗಳು ಹೇಳುವುದೇನು, ನಿಜ ಏನು?

ಹೇಳಿಕೆ 1: ಅವರು ಭಾರತದ ಮೊದಲ ಎಂಜಿನಿಯರ್. 
ಇದು ಸುಳ್ಳು. ರೂರ್ಕಿಯ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1847ರಲ್ಲಿ. ಅವರೇ ಓದಿದ ಪುಣೆಯ ಸಂಸ್ಥೆ 1854ರದು, ಅಂದರೆ ಅವರು ಹುಟ್ಟುವ ಮೊದಲೇ ಇತ್ತು. ಅವರ ಹುಟ್ಟುಹಬ್ಬವನ್ನು ಎಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ ಎಂಬುದು ನಿಜ. ಆಚರಣೆ ಬೇರೆ, ಮೊದಲಿಗರಾಗಿರುವುದು ಬೇರೆ.

ಹೇಳಿಕೆ 2: ಓಡುವ ರೈಲಿನಲ್ಲಿ ಕೂತು, ಮುಂದೆ ಹಳಿ ಮುರಿದಿದೆ ಎಂದು ಸದ್ದಿನಿಂದಲೇ ಕಂಡುಹಿಡಿದು ಚೈನ್ ಎಳೆದು ನೂರಾರು ಜನರನ್ನು ಉಳಿಸಿದರು. 
ಇದಕ್ಕೆ ಆಧಾರವಿಲ್ಲ. ಈ ಫಾರ್ವರ್ಡ್‌ನಲ್ಲಿ ಯಾವ ರೈಲು, ಯಾವ ವರ್ಷ, ಯಾವ ನಿಲ್ದಾಣ ಎಂಬ ವಿವರ ಇರುವುದಿಲ್ಲ. ಜೊತೆಯಲ್ಲಿದ್ದವರು ಯಾರು, ಎಷ್ಟು ದೂರದಲ್ಲಿ ಹಳಿ ಮುರಿದಿತ್ತು ಎಂಬುದು ಒಂದೊಂದು ಸಂದೇಶದಲ್ಲಿ ಒಂದೊಂದು ಥರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಹೋಗುತ್ತದೆ ಎಂಬ ವಿಜ್ಞಾನ ಸರಿ. ಆದರೆ ಚಕ್ರ, ಬೋಗಿ, ಇಂಜಿನ್ನಿನ ಸದ್ದಿನ ನಡುವೆ ಒಳಗೆ ಕೂತವರು ಮುಂದಿನ ಹಳಿಯ ಬಿರುಕನ್ನು ಗುರುತಿಸಿದರು ಎನ್ನಲು ವಿಜ್ಞಾನದ ಈ ಒಂದು ಸಾಲು ಸಾಕಾಗುವುದಿಲ್ಲ.

ಹೇಳಿಕೆ 3: ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಮೇಣದಬತ್ತಿ ಹಚ್ಚುತ್ತಿದ್ದರು. 
ಇದನ್ನು ನಂಬುವ ಮೊದಲು ಒಂದು ವಿಷಯ ತಿಳಿದಿರಲಿ. ಇದೇ ಕಥೆಯನ್ನು ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ. ಎಂಟನೆಯ ಶತಮಾನದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಬಗ್ಗೆಯೂ ಹೇಳುತ್ತಾರೆ. ಕಥೆ ಅದೇ ಇದ್ದು ಹೆಸರು ಬದಲಾಗುತ್ತಿದ್ದರೆ ಅದು ಪ್ರಾಮಾಣಿಕತೆಯ ಪಾಠ ಹೇಳುವ ಕಥೆ, ಒಬ್ಬರ ಜೀವನದ ಘಟನೆ ಎಂದು ಹೇಳಲಾಗದು. ಅವರು ಶಿಸ್ತಿನ ಮನುಷ್ಯರಾಗಿದ್ದರು ಎಂಬುದಕ್ಕೆ ಈ ಮೇಣದಬತ್ತಿಯ ಸಾಕ್ಷಿ ಬೇಕಾಗಿಯೂ ಇಲ್ಲ.

ಹೇಳಿಕೆ 4: ಕೆ.ಆರ್.ಎಸ್. ಅಣೆಕಟ್ಟನ್ನು ಒಬ್ಬರೇ ಕಟ್ಟಿದರು. 
ಅರ್ಧ ನಿಜ. ಯೋಜನೆಯ ಹಿಂದಿನ ದೊಡ್ಡ ಶಕ್ತಿ ಅವರು. ಆದರೆ ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ, ಅಣೆಕಟ್ಟಿನ ಕೆಲಸ ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ. ನಡುವಿನ ಆ ವರ್ಷಗಳಲ್ಲಿ ಬೇರೆ ಎಂಜಿನಿಯರುಗಳು, ಸಾವಿರಾರು ಕೂಲಿಕಾರರು ದುಡಿದರು, ನಾಲ್ವಡಿ ಕೃಷ್ಣರಾಜ ಒಡೆಯರ್ ಹಣ ಕೊಟ್ಟು ಬೆನ್ನಿಗೆ ನಿಂತರು.

ಹೇಳಿಕೆ 5: ಅವರು 102 ವರ್ಷ ಬದುಕಿದ್ದರು. 
ಲೆಕ್ಕ ಮಾಡಿ ನೋಡೋಣ. ಹುಟ್ಟಿದ ವರ್ಷ ಕೆಲವೆಡೆ 1860, ಕೆಲವೆಡೆ 1861 ಎಂದಿದೆ. ಅವರ ಶತಮಾನೋತ್ಸವದ ಅಂಚೆಚೀಟಿಯನ್ನು ಸರ್ಕಾರ 1960ರ ಸೆಪ್ಟೆಂಬರ್ 15ರಂದು ಹೊರಡಿಸಿತು. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ, ಆ ವರ್ಷದ ಹುಟ್ಟುಹಬ್ಬಕ್ಕೆ ಮೊದಲೇ. 1860 ಎಂದರೆ 101 ತುಂಬಿತ್ತು, 1861 ಎಂದರೆ 100 ತುಂಬಿತ್ತು. ಯಾವ ಲೆಕ್ಕದಲ್ಲೂ 102 ತುಂಬಿರಲಿಲ್ಲ. ವಯಸ್ಸನ್ನು ಬರೆದಿಡಬೇಡಿ, ಹುಟ್ಟಿದ ದಿನದಿಂದ ಪ್ರತಿಸಲ ಲೆಕ್ಕ ಹಾಕಿ ಎಂದು ಪ್ರೋಗ್ರಾಮಿಂಗ್ ಕಲಿಸುವವರು ಹೇಳುವುದು ಇದಕ್ಕೇ.

ನಾವು ಮಾಡುತ್ತಿರುವುದು ಏನು?

ಈಗ ರೇಷ್ಮೆಗೂಡಿನ ಚೀಟಿಗೆ ಮರಳೋಣ. ಒಬ್ಬ ದೊಡ್ಡ ಮನುಷ್ಯರ ಜೀವನ ಮುಗಿದಿದೆ. ಅವರ ಚೀಟಿ ತುಂಬಿ ಆಗಿದೆ. ಆಮೇಲೂ ಅದು ನಮ್ಮ ಮೊಬೈಲುಗಳಲ್ಲಿ ಓಡುತ್ತಲೇ ಇದೆ. ಓಡುವಾಗ ಒಬ್ಬರು ರೈಲಿನ ಕಾಲಂ ಎಳೆದರು, ಇನ್ನೊಬ್ಬರು ಮೇಣದಬತ್ತಿಯ ಕಾಲಂ ಸೇರಿಸಿದರು. ಯಾರೂ ತಡೆಯಲಿಲ್ಲ, ಏಕೆಂದರೆ ವಾಟ್ಸಾಪ್ ಸಂದೇಶಕ್ಕೆ ನಮೂನೆಯೇ ಇಲ್ಲ. ಧರ ಎಂದು ಬರೆದರೂ ಒಪ್ಪಿಕೊಳ್ಳುವ ಕಂಪ್ಯೂಟರಿನಂತೆ ಅದು ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ. ಪರಿಣಾಮವೂ ಅದೇ. ಚೀಟಿ ತುಂಬಿದಂತೆ ಕಾಣುತ್ತದೆ, ಸುಕ್ಕೂರಿನ ಬಾವಿ, ಖಡಕ್‌ವಾಸ್ಲಾದ ಗೇಟು ಎಂಬ ನಿಜವಾದ ಕಾಲಂಗಳು ಖಾಲಿ ಉಳಿಯುತ್ತವೆ.

ಸೇರಿಸುವುದಷ್ಟೇ ಅಲ್ಲ, ಅಳಿಸುವುದೂ ನಡೆಯುತ್ತದೆ. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ತಕ್ಕ ಪಾಲು ಹೇಗೆ ಕೊಡುವುದು ಎಂಬುದು ಅದರ ವಿಷಯ. ಇದರಿಂದ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಅವರು ದಿವಾನಗಿರಿ ಬಿಡಲು ಈ ಭಿನ್ನಾಭಿಪ್ರಾಯ ಮುಖ್ಯ ಕಾರಣ. ಮಹಾರಾಜರು ಸಮಿತಿಯ ದಾರಿಯಲ್ಲೇ ಮುಂದುವರಿದರು, ಕರ್ನಾಟಕದ ಮೀಸಲಾತಿಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ. ಅವರನ್ನು ಹೊಗಳುವ ಸಂದೇಶಗಳಲ್ಲಿ ಈ ಕಾಲಂ ಕಾಣುವುದಿಲ್ಲ. ಅವರನ್ನು ತೆಗಳುವ ಸಂದೇಶಗಳಲ್ಲಿ ಇದೊಂದೇ ಕಾಲಂ ಇರುತ್ತದೆ. ಎರಡೂ ಅರ್ಧ ಚೀಟಿಗಳೇ. ಅಣೆಕಟ್ಟು ಕಟ್ಟಿಸಿದವರೂ ಅವರೇ, ಆ ಸಮಿತಿಯನ್ನು ಒಪ್ಪದವರೂ ಅವರೇ.

ಪ್ರೋಗ್ರಾಮರ್‌ಗಳು ಏನು ಮಾಡಿದರು?

ಓಡುವಾಗ ಹೊಸ ಗುಣ ಸೇರಿಸುವ ಸೌಲಭ್ಯ ಕೆಟ್ಟದ್ದಲ್ಲ. ಮೊದಲೇ ಊಹಿಸಲಾಗದ ವಿವರಗಳು ಬರುವ ಕಡೆ ಅದು ಬಹಳ ಉಪಯೋಗಿ. ಆದರೆ ಕಾವಲು ಬೇಕು ಎಂದು ಪ್ರೋಗ್ರಾಮರ್‌ಗಳಿಗೆ ಅನುಭವದಿಂದ ಗೊತ್ತಾಯಿತು. ಬಹಳಷ್ಟು ವೆಬ್‌ಸೈಟುಗಳನ್ನು ನಡೆಸುವ ಪಿಎಚ್‌ಪಿ ಭಾಷೆ ಎಷ್ಟೋ ವರ್ಷ ಇದನ್ನು ಸುಮ್ಮನೆ ಬಿಟ್ಟಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ 8.2 ಆವೃತ್ತಿಯಿಂದ, ಕ್ಲಾಸಿನಲ್ಲಿ ಹೇಳಿರದ ಪ್ರಾಪರ್ಟಿ ಸೇರಿಸಿದರೆ ಎಚ್ಚರಿಕೆ ಕೊಡುತ್ತದೆ. ಹೊಸದು ಬೇಕೇಬೇಕಾದರೆ ಮೊದಲೇ ಹೇಳಿ ಅನುಮತಿ ಪಡೆಯಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಆಬ್ಜೆಕ್ಟನ್ನು ಫ್ರೀಜ್ ಮಾಡಿ ಯಾರೂ ಮುಟ್ಟದಂತೆ ಇಡಬಹುದು. ಪೈಥಾನ್‌ನಲ್ಲಿ ಸ್ಲಾಟ್ಸ್ ಬಳಸಿ ಇಷ್ಟೇ ಕಾಲಂ ಎಂದು ಗೆರೆ ಹಾಕಬಹುದು.

ವಾಟ್ಸಾಪ್ ಕೂಡ ಒಂದು ಸಣ್ಣ ಕಾವಲು ಇಟ್ಟಿದೆ. ತುಂಬ ಕೈ ದಾಟಿ ಬಂದ ಸಂದೇಶದ ಮೇಲೆ ಎರಡು ಬಾಣದ ಗುರುತು ಬರುತ್ತದೆ, ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಆ ಗುರುತೂ ಓಡುವಾಗಲೇ ಹಚ್ಚಿದ ಪ್ರಾಪರ್ಟಿಯೇ. ಸಂದೇಶ ಎಷ್ಟು ಕೈ ದಾಟಿತು ಎಂದು ಅದು ಹೇಳುತ್ತದೆ. ಸಂದೇಶ ನಿಜವೋ ಸುಳ್ಳೋ ಎಂದು ಹೇಳುವುದಿಲ್ಲ. ಅದನ್ನು ನಾವೇ ನೋಡಬೇಕು.

ಕಳಿಸುವ ಮೊದಲು ಮೂರು ಪ್ರಶ್ನೆ

1. ಘಟನೆಗೆ ವರ್ಷ, ಊರು, ಜೊತೆಯಲ್ಲಿದ್ದವರ ಹೆಸರು ಇದೆಯೇ? ಮೂರೂ ಇಲ್ಲದಿದ್ದರೆ ಅನುಮಾನಿಸಿ.

2. ಮೊದಲೇ ಗೊತ್ತಿರುವ ಇಸವಿಗಳಿಗೆ ಇದು ಹೊಂದುತ್ತದೆಯೇ? ಕೂಡಿ ಕಳೆದು ನೋಡಿ, ಬೆರಳೆಣಿಕೆ ಸಾಕು.

3. ಇದೇ ಕಥೆ ಬೇರೆ ಹೆಸರಿನಲ್ಲಿ ಸಿಗುತ್ತದೆಯೇ? ಹೆಸರು ತೆಗೆದು ಕಥೆಯನ್ನಷ್ಟೇ ಗೂಗಲ್‌ನಲ್ಲಿ ಹುಡುಕಿ.

ಈ ಮೂರರಲ್ಲಿ ಗೆದ್ದ ಒಂದು ಸಂದೇಶವನ್ನು ನಾವೇ ಬರೆದುಕೊಡುತ್ತೇವೆ. ಮುಂದಿನ ಸೆಪ್ಟೆಂಬರ್ 15ಕ್ಕೆ ಇದನ್ನು ಕಾಪಿ ಮಾಡಿ ಕಳಿಸಿ:

ಮುದ್ದೇನಹಳ್ಳಿಯ ಹುಡುಗ, ಮನೆಪಾಠ ಹೇಳಿ ಓದಿದವರು. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವ, ತಾನೇ ತೆರೆದು ಮುಚ್ಚುವ ಗೇಟನ್ನು 1903ರಲ್ಲೇ ಮಾಡಿದವರು. ಹೈದರಾಬಾದಿಗೆ ಪ್ರವಾಹದಿಂದ ಪಾರಾಗುವ ದಾರಿ ತೋರಿಸಿದವರು. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ನಮನ.